ತಗ್ಗು, ಪಾಯ, ಪೈಪ್‌ಲೈನ್: ಸುರಕ್ಷತಾ ಎಂಜಿನಿಯರ್ ಅವರನ್ನು ಕೇಳಿ
(ವಿಜಯಪುರದ ಕಟ್ಟಡ ಕೆಲಸದವರ ಗುಂಪು)

ಸಿಂದಗಿ ಗೌಂಡಿ: ಸರ್, ನಾಲ್ಕಡಿ ಪಾಯಕ್ಕೂ ಹಲಗೆಯ ಆಸರೆ ಬೇಕೇ?

ಎಂಜಿನಿಯರ್: ಅಗೆತದ ಸುರಕ್ಷತೆಯ ಭಾರತೀಯ ಮಾನಕ ಐಎಸ್ 3764 ಪ್ರಕಾರ 1.5 ಮೀಟರ್, ಅಂದರೆ ಸುಮಾರು ಐದಡಿ ದಾಟಿದರೆ ಬೇಕೇ ಬೇಕು. ನಾಲ್ಕಡಿಯಲ್ಲೂ ಮಣ್ಣು ಬಿರಿದಿದ್ದರೆ, ನೀರು ಜಿನುಗುತ್ತಿದ್ದರೆ ಕೊಡಿ. ಕುಕ್ಕರಗಾಲಲ್ಲಿ ಕುಳಿತವನಿಗೆ ನಾಲ್ಕಡಿ ಮಣ್ಣು ತಲೆಗಿಂತ ಮೇಲೆಯೇ ಇರುತ್ತದೆ.

ಜಲನಗರದ ಮನೆ ಮಾಲೀಕ: ನಮ್ಮ ಕಂಪೌಂಡ್ ಗೋಡೆಯ ಪಕ್ಕ ಒಳಚರಂಡಿ ಪೈಪಿಗೆ ಒಂಬತ್ತಡಿ ಆಳ, ಎರಡೂವರೆ ಅಡಿ ಅಗಲ ಅಗೆದಿದ್ದಾರೆ. ಪೂರ್ತಿ ಎರೆ ಮಣ್ಣು. ರಾತ್ರಿ ಮಳೆಯಾಯಿತು. ಈಗ ಅಂಚಿನಿಂದ ಎರಡಡಿ ಈಚೆಗೆ ಉದ್ದಕ್ಕೂ ಬೆರಳು ತೂರುವಷ್ಟು ಬಿರುಕು. ಇಬ್ಬರು ಕೆಳಗಿದ್ದಾರೆ. ಗುತ್ತಿಗೆದಾರರು ‘ಎರೆ ಬಿರಿಯುವುದು ಸಹಜ’ ಎನ್ನುತ್ತಾರೆ.

ಎಂಜಿನಿಯರ್: ಮೊದಲು ಆ ಇಬ್ಬರನ್ನು ಮೇಲಕ್ಕೆ ಕರೆಯಿರಿ, ಆಮೇಲೆ ಮುಂದಿನದನ್ನು ಓದಿ.
ಬೇಸಿಗೆಯಲ್ಲಿ ಎರೆ ಅಡ್ಡಾದಿಡ್ಡಿ ಬಿರಿಯುತ್ತದೆ, ನಿಜ. ಮಳೆಯಾದ ಮೇಲೆ ಅಂಚಿನ ಉದ್ದಕ್ಕೂ ಹೊಸದಾಗಿ ಬಿಟ್ಟ ಬಿರುಕು ಬೇರೆ. ಆ ಪಕ್ಕೆ ಕಳಚಿಕೊಳ್ಳಲು ತಯಾರಾಗಿದೆ. ಬಿರುಕಿನೊಳಗೆ ಇಳಿದ ನೀರು ಅದನ್ನು ಹಿಂದಿನಿಂದ ನೂಕುತ್ತದೆ. ಒಂದು ಘನ ಮೀಟರ್ ಹಸಿ ಮಣ್ಣು ಒಂದೂವರೆ ಟನ್‌ಗೂ ಹೆಚ್ಚು ತೂಗುತ್ತದೆ. ಎದೆಮಟ್ಟ ಹೂತರೂ ಸಾವು ಬರಬಹುದು: ಉಸಿರು ಬಿಟ್ಟಾಗಲೆಲ್ಲ ಮಣ್ಣು ಬಿಗಿಯುತ್ತದೆ, ಮತ್ತೆ ಎಳೆದುಕೊಳ್ಳಲು ಎದೆ ಹಿಗ್ಗುವುದಿಲ್ಲ.
ಅಗೆದ ಮಣ್ಣಿನ ಗುಡ್ಡೆ ಅಂಚಿಗೇ ಇದೆಯೇ? ಐದಡಿಯಾದರೂ ದೂರ ಸಾಗಿಸಿ. ಜೆಸಿಬಿಯೂ ಅಂಚಿಗೆ ಬರಬಾರದು. ಇಂಥ ಮಣ್ಣನ್ನು ಇಳಿಜಾರಾಗಿ ಕಡಿಯುವುದಾದರೆ ಅಡಿ ಆಳಕ್ಕೆ ಒಂದೂವರೆ ಅಡಿ ಹೊರಗೆ ಹೋಗಬೇಕು. ನಿಮ್ಮಲ್ಲಿ ಜಾಗವಿಲ್ಲ, ಕಂಪೌಂಡೂ ಬೀಳುತ್ತದೆ. ಆದ್ದರಿಂದ ಎರಡೂ ಪಕ್ಕೆಯ ಮಣ್ಣನ್ನು ತಡೆಯುವ ಉಕ್ಕಿನ ಪೆಟ್ಟಿಗೆ ಇಳಿಸಬೇಕು, ಇಲ್ಲವೇ ಎರಡೂ ಬದಿಗೆ ಹಲಗೆ ಕೊಟ್ಟು ನಡುವೆ ಜಾಕ್ ಬಿಗಿಯಬೇಕು. ಅದನ್ನು ಮೇಲಿನಿಂದಲೇ ಮಾಡಬೇಕು. ಆಸರೆ ಕೊಡಲೆಂದು ಯಾರೂ ಬರಿಯ ತಗ್ಗಿಗೆ ಇಳಿಯಬಾರದು. ಏಣಿ ಹತ್ತಿರವೇ ಇರಲಿ, ತಗ್ಗಿನ ಮೇಲೆ ಮೂರಡಿ ಚಾಚಿರಲಿ.

ಇಂಡಿ ಸೆಂಟ್ರಿಂಗ್: ತಗ್ಗಿನ ಗೋಡೆಗೆ ಸುಣ್ಣದ ನೀರು ಚಿಮುಕಿಸಿದರೆ ಮಣ್ಣು ಕಲ್ಲಾಗುತ್ತದೆ ಎಂದು ವೀಡಿಯೊ ಬಂದಿದೆ. (ಫಾರ್ವರ್ಡ್)

ಎಂಜಿನಿಯರ್: ಆಗುವುದಿಲ್ಲ. ಎರೆಗೆ ಸುಣ್ಣ ಬೆರೆಸಿ ಕುಟ್ಟಿ ಹದ ಮಾಡುವುದು ರಸ್ತೆಯ ತಳಕ್ಕೆ. ಚಿಮುಕಿಸಿದರೆ ತೋಯುವುದೊಂದೇ. ಅಳಿಸಿ.

ಬಾಗೇವಾಡಿ ಗುತ್ತಿಗೆದಾರ: ಮೂವತ್ತು ವರ್ಷದಿಂದ ಅಗೆಸುತ್ತಿದ್ದೇನೆ, ಒಂದು ಹಲಗೆಯನ್ನೂ ಕೊಟ್ಟಿಲ್ಲ. ಹಲಗೆಯ ಖರ್ಚು ಟೆಂಡರಿನಲ್ಲಿ ಎಲ್ಲಿದೆ?

ಸಿಂದಗಿ ಗೌಂಡಿ: ಸಾಹುಕಾರರೇ, ಮೂವತ್ತು ವರ್ಷದಲ್ಲಿ ತಗ್ಗಿಗೆ ಇಳಿದವರು ಯಾರು, ನೀವೋ ನಾವೋ?

ಬಾಗೇವಾಡಿ ಗುತ್ತಿಗೆದಾರ: ಪಗಾರ ತೆಗೆದುಕೊಂಡೇ ಇಳಿದಿದ್ದೀರಿ.

ಸಿಂದಗಿ ಗೌಂಡಿ: ಹೂಳಿಸಿಕೊಳ್ಳಲು ಬೇರೆ ಪಗಾರ ಕೊಡುತ್ತೀರೇನು?

ಜೆಸಿಬಿ ಚಾಲಕ, ಮುದ್ದೇಬಿಹಾಳ: ಕುಸಿದರೆ ನಮ್ಮನ್ನೇ ಕರೆಯುತ್ತಾರೆ. ಬಕೆಟ್ ಹಾಕಿದರೆ ಐದು ನಿಮಿಷದ ಕೆಲಸ.

ಎಂಜಿನಿಯರ್: ಹಾಕಬೇಡಿ. ಹೂತವನ ಕೈಕಾಲು ಎಲ್ಲಿದೆ ಎಂದು ಬಕೆಟ್‌ಗೆ ಗೊತ್ತೇ? ಯಂತ್ರದ ಭಾರಕ್ಕೆ ಇನ್ನೊಂದು ಬದಿಯೂ ಕುಸಿಯುತ್ತದೆ. 112ಕ್ಕೆ ಕರೆ ಮಾಡಿ, ಅಗ್ನಿಶಾಮಕ ದಳ ಬರಲಿ. ಅಷ್ಟರಲ್ಲಿ ಯಾರನ್ನೂ ಇಳಿಯಲು ಬಿಡಬೇಡಿ.

ತಾಳಿಕೋಟಿ ಅಕ್ಕ: ನಮ್ಮವರು ಇಂಥದೇ ಕೆಲಸಕ್ಕೆ ಹೋಗುತ್ತಾರೆ. ಕಾರ್ಮಿಕ ಕಾರ್ಡ್ ಇಲ್ಲದಿದ್ದರೆ ಪರಿಹಾರ ಸಿಗುತ್ತದೆಯೇ?

ಇಂಡಿ ಸೆಂಟ್ರಿಂಗ್: ಮ್ಯಾನ್‌ಹೋಲಿಗೆ ದೀಪ ಇಳಿಸಿ ನೋಡಿದರೆ ಗಾಳಿ ಇದೆಯೋ ಇಲ್ಲವೋ ತಿಳಿಯುತ್ತದಂತೆ. (ಫಾರ್ವರ್ಡ್)

ಎಂಜಿನಿಯರ್: ಮೀಥೇನ್ ಇದ್ದರೆ ಸ್ಫೋಟವಾಗಬಹುದು. ಚರಂಡಿಯ ವಿಷಾನಿಲ ಹೈಡ್ರೋಜನ್ ಸಲ್ಫೈಡ್ ಅಪಾಯದ ಮಟ್ಟಕ್ಕೆ ಏರಿದ್ದರೂ ದೀಪ ಉರಿಯುತ್ತಲೇ ಇರುತ್ತದೆ. ಇವನ್ನು ಅಳೆಯುವ ಗ್ಯಾಸ್ ಮೀಟರ್ ಇಲ್ಲದೆ ಮುಚ್ಚಳ ತೆಗೆಯಬೇಡಿ. ಇನ್ನೊಂದು ಫಾರ್ವರ್ಡ್ ಬಂದರೆ ನಾನು ಗುಂಪಿನಲ್ಲಿರುವುದಿಲ್ಲ.

ಬಾಗೇವಾಡಿ ಗುತ್ತಿಗೆದಾರ: ಹೋಗಿ, ಕೆಲಸವಾದರೂ ಸಾಗುತ್ತದೆ.

ಕೊಲ್ಹಾರದ ಹುಡುಗ: ನಾಲ್ಕಡಿಗೆ ಹಲಗೆ ಬೇಕಾ ಸರ್?

ಎಂಜಿನಿಯರ್: ಮೇಲೆ ಓದಿ.

ಜಲನಗರದ ಮನೆ ಮಾಲೀಕ: ಇಬ್ಬರೂ ಮೇಲೆ ಬಂದರು. ಪೆಟ್ಟಿಗೆ ನಾನೇ ತರಿಸಿಕೊಳ್ಳಬೇಕಂತೆ, ಜೆಸಿಬಿ ನಿಂತ ಗಂಟೆಯ ಬಾಡಿಗೆಯೂ ನನ್ನದಂತೆ.

ಎಂಜಿನಿಯರ್: ಬಾಡಿಗೆ ಆಮೇಲೆ ನೋಡೋಣ. ಬಿರುಕಿನ ಪಕ್ಕ ಟೇಪ್ ಇಟ್ಟು ಫೋಟೋ ತೆಗೆದು, ಕೆಲಸ ಕೊಟ್ಟ ಕಚೇರಿಗೆ ಈಗಲೇ ಬರವಣಿಗೆಯಲ್ಲಿ ದೂರು ಕೊಡಿ.