ಒಂದೆಲಗದ ತಂಬುಳಿ ಕಹಿ ಯಾಕೆ?

ಸಾಗರದವ: ತಂಬುಳಿ ಪ್ರತಿಸಲ ಕಹಿ, ಜೊತೆಗೆ ಒಡೆಯುತ್ತೆ. ನರ್ಸರಿಯವರು ‘ಬ್ರಾಹ್ಮಿ’ ಅಂತ ಕೊಟ್ಟ ಗಿಡದ ಎಲೆ ಚಿಕ್ಕದು, ದಪ್ಪ. ಇದೇ ಒಂದೆಲಗವಾ? ನೆನಪಿನ ಶಕ್ತಿಗೆ ನಿಜಕ್ಕೂ ಆಗುತ್ತಾ?

ತೋಟದಂಚು: ಅಲ್ಲ ಮಾರಾಯ್ರೆ, ಅದು ನೀರುಬ್ರಾಹ್ಮಿ, ಬಕೋಪ. ಕಹಿ ಅದರದ್ದೇ. ಒಂದೆಲಗ ನೆಲ ಹಿಡಿದು ಹಬ್ಬುತ್ತೆ, ಗೆಣ್ಣುಗೆಣ್ಣಿಗೂ ಬೇರು, ಉದ್ದ ತೊಟ್ಟಿನ ತುದಿಗೆ ಒಂದೇ ದುಂಡನೆ ಎಲೆ, ಅಂಚು ಕಚ್ಚುಕಚ್ಚು. ಅಡಿಕೆ ತೋಟದ ಕಪ್ಪಿನ (ನೀರು ಬಸಿಯುವ ಕಾಲುವೆ) ಬದಿ ನೋಡಿ. ಊರ ಚರಂಡಿಯದ್ದು ಮಾತ್ರ ಬೇಡ, ಭಾರಲೋಹ ಹೀರಿಕೊಳ್ಳುತ್ತೆ.

ತಂಬುಳಿಪ್ರಿಯೆ: ನಾಲ್ಕು ಜನಕ್ಕೆ ಒಂದು ಹಿಡಿ ಎಳೆ ಎಲೆ. ಅರ್ಧ ಚಮಚ ಜೀರಿಗೆ, 5-6 ಕಾಳುಮೆಣಸು ತುಪ್ಪದಲ್ಲಿ ಹುರಿದು, ಅದರಲ್ಲೇ ಎಲೆ ಬಾಡಿಸಿ, ಅರ್ಧ ಬಟ್ಟಲು ಕಾಯಿತುರಿ ಜೊತೆ ನುಣ್ಣಗೆ ಅರೆಯಿರಿ. ಅರೆದದ್ದು ಪೂರ್ತಿ ತಣಿದ ಮೇಲೆ 2 ಲೋಟ ಮಜ್ಜಿಗೆ. ಬಿಸಿಗೆ ಸುರಿದರೆ ಒಡೆಯದೆ ಇನ್ನೇನು! ಕುದಿಸಲೇಬಾರದು.

ಔಷಧಶಾಸ್ತ್ರ: ಒಂದೆಲಗದಲ್ಲಿರೋ ಏಷ್ಯಾಟಿಕೋಸೈಡ್ ಅನ್ನೋ ಅಂಶ, ಚರ್ಮಕ್ಕೆ ಬಲ ಕೊಡುವ ಪ್ರೋಟೀನ್ ಆದ ಕೊಲಾಜನ್ ಉತ್ಪತ್ತಿಗೆ ಇಂಬು ಕೊಡುತ್ತೆ, ಹಾಗಾಗಿ ಗಾಯದ ಮುಲಾಮುಗಳಲ್ಲಿದೆ. ನೆನಪಿನ ಶಕ್ತಿಗೆ ಗಟ್ಟಿ ಪುರಾವೆ ಇಲ್ಲ. ತಮಾಷೆ ಅಂದರೆ, ಆ ವಿಷಯದಲ್ಲಿ ಹೆಚ್ಚು ಪರೀಕ್ಷೆಯಾದದ್ದು ನಿಮ್ಮ ಕಹಿ ಗಿಡವೇ. ಒಂದೆಲಗದ ಮಾತ್ರೆ ತಿಂಗಳುಗಟ್ಟಲೆ ನುಂಗಿದವರಲ್ಲಿ ಅಪರೂಪಕ್ಕೆ ಯಕೃತ್ತಿಗೆ ಪೆಟ್ಟಾದದ್ದು ವರದಿಯಾಗಿದೆ. ಲಿವರ್ ತೊಂದರೆ ಇದ್ದವರು, ಬಸುರಿಯರು ವೈದ್ಯರನ್ನು ಕೇಳದೆ ಮಾತ್ರೆ ಮುಟ್ಟಬೇಡಿ.