ಒಂಬತ್ತು ಸಾವಿರ ಹೆಜ್ಜೆ ಎಲ್ಲಿ ಹೋಯ್ತು?

ಪಾರ್ಕಿನಲ್ಲಿ ದಿನಾ ಆರು ಸುತ್ತು ಹಾಕುವ ನಮ್ಮ ಗುಂಪು ಮೊನ್ನೆ ಸಂಜೆ ನಮ್ಮ ಮನೆ ಜಗಲಿಯಲ್ಲಿ ಸೇರಿತ್ತು. ಲೆಕ್ಕದ ಮೇಷ್ಟ್ರು, ವಕೀಲರು, ಎದುರು ಮನೆ ಡಾಕ್ಟರಮ್ಮ. ನಾವು ಜರ್ಮನಿಯ ಡ್ರೆಸ್ಡೆನ್‌ನಲ್ಲಿರುವ ಮಗಳ ಮನೆಗೆ ಹೋಗಿ ಬಂದಿದ್ದನ್ನು ವಿಚಾರಿಸಲು ಬಂದಿದ್ದರು. ಅದು ನೆಪ. ನಿಜವಾದ ಕಾರಣ ಕೋಡುಬಳೆ.

"ಬೆಳಗ್ಗೆ ರೈಲು ಹತ್ತಿ ಪಕ್ಕದ ಚೆಕ್ ದೇಶದ ಪ್ರಾಗ್‌ಗೆ ಹೋದೆವು. ಒಂದೇ ದಿನ, ಪೂರ್ತಿ ಕಾಲ್ನಡಿಗೆ. 23 ಸಾವಿರ ಹೆಜ್ಜೆ!" ಅಂತ ಮೊಬೈಲ್ ತೆಗೆದು ತೋರಿಸಿದೆ.

"ನನ್ನದರಲ್ಲಿ 14 ಸಾವಿರ," ಅಂತ ಒಳಗಿಂದ ಕಾಫಿ ತಂದ ನನ್ನಾಕೆ ಅಂದಳು.

ವಕೀಲರಿಗೆ ಅಷ್ಟೇ ಬೇಕಿತ್ತು. "ಗಂಡ ಹೆಂಡತಿ ಜೊತೆಗೇ ನಡೆದದ್ದು ಅಂತೀರಿ. ಉಳಿದ ಒಂಬತ್ತು ಸಾವಿರ ಎಲ್ಲಿ ಹೋಯ್ತು?"

"ಇವರು ದಾರಿ ತಪ್ಪಿದ ಕಡೆ ಹೋಯ್ತು. ನಾನು ಬೆಂಚಿನ ಮೇಲೆ ಕೂತಿರ್ತಿದ್ದೆ. ಇವರು ಅಷ್ಟು ದೂರ ಹೋಗಿ, ಈ ಕಡೆ ಅಲ್ಲ ಅಂತ ಖಾತ್ರಿ ಮಾಡ್ಕೊಂಡು ವಾಪಸ್ ಬರೋರು."

ಮರ್ಯಾದೆ ಉಳಿಸಿಕೊಳ್ಳಲು ನಾನು ಮಾತು ಗಡಿಯಾರದ ಕಡೆ ತಿರುಗಿಸಿದೆ. ಹಳೇ ಊರಿನ ಚೌಕದಲ್ಲಿ ಗೋಪುರಕ್ಕೆ ಕೂರಿಸಿರುವ ಗಡಿಯಾರ. 1410ರದ್ದು, ಇವತ್ತಿಗೂ ನಡೆಯುತ್ತಿದೆ. ಬರೀ ಗಂಟೆ ತೋರಿಸುವುದಲ್ಲ. ಸೂರ್ಯ ಯಾವ ರಾಶಿಯಲ್ಲಿದ್ದಾನೆ, ಚಂದ್ರ ಎಲ್ಲಿದ್ದಾನೆ, ಎಲ್ಲ ಅದರ ಮುಖದಲ್ಲೇ ಇದೆ. ಹಳೇ ಕಾಲದ ಲೆಕ್ಕದಲ್ಲಿ ಅವರು ದಿನದ ಗಂಟೆಗಳನ್ನು ಸೂರ್ಯ ಮುಳುಗಿದಾಗಿನಿಂದ ಎಣಿಸುತ್ತಿದ್ದರಂತೆ, ಅದಕ್ಕೂ ಒಂದು ಸುತ್ತು ಇದೆ.

"ಅಂದ್ರೆ ಗೋಡೆಗೆ ಪಂಚಾಂಗ ನೇತು ಹಾಕಿದ್ದಾರೆ ಅನ್ನಿ," ಮೇಷ್ಟ್ರು ಮುಂದಕ್ಕೆ ಜರುಗಿದರು. "ಸಾಯನವೋ ನಿರಯನವೋ?"

"ಅದನ್ನ ಕೇಳೋಣ ಅಂದ್ರೆ ಅಲ್ಲಿ ಪುರೋಹಿತರು ಇರಲಿಲ್ಲ," ಅಂದಳು ನನ್ನಾಕೆ.

ಗಂಟೆ ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗಲೇ ಜನ ಸೇರಿದ್ದರು. ಮಂಗಳಾರತಿ ಹೊತ್ತಿಗೆ ಗರ್ಭಗುಡಿ ಮುಂದೆ ಕತ್ತು ಚಾಚಿ ನಿಲ್ಲುತ್ತೇವಲ್ಲ, ಹಾಗೆ. ಸರಿಯಾಗಿ ಹನ್ನೊಂದಕ್ಕೆ ಅಸ್ಥಿಪಂಜರ ಒಂದು ಹಗ್ಗ ಎಳೆದು ಗಂಟೆ ಬಾರಿಸುತ್ತದೆ. ಅದು ಮೃತ್ಯು. ಬಾ ಹೋಗೋಣ ಅಂತ ಕರೆಯುವುದು. ಅಕ್ಕಪಕ್ಕದಲ್ಲಿ ಕನ್ನಡಿ ಹಿಡಿದ ಸೊಗಸುಗಾರ, ಹಣದ ಚೀಲ ಹಿಡಿದ ಜಿಪುಣ, ಎಲ್ಲರೂ ತಲೆ ಅಲ್ಲಾಡಿಸುತ್ತಾರೆ. ಊಹೂಂ, ನಾವು ಬರಲ್ಲ! ಮೇಲೆ ಎರಡು ಕಿಟಕಿ ತೆರೆದು ಯೇಸುವಿನ ಹನ್ನೆರಡು ಜನ ಶಿಷ್ಯರು ಮೆರವಣಿಗೆ ಹೋಗುತ್ತಾರೆ. ಕೊನೆಗೆ ಚಿನ್ನದ ಹುಂಜ ಕೂಗುತ್ತದೆ.

"ಇವರಿಗೆ ಹುಂಜ ಮಾತ್ರ ಕೇಳಿಸಿದ್ದು," ಅಂದಳು. "ಕನ್ನಡಕ ಒರೆಸಿಕೊಳ್ತಾ ಇದ್ರು. ಅಷ್ಟರಲ್ಲಿ ಎಲ್ಲ ಮುಗೀತು."

ನಿಜವೇ. ಪೂರ್ತಿ ಒಂದು ನಿಮಿಷವೂ ಇಲ್ಲ ಆ ಆಟ. ಮಿಕ್ಕಿದ್ದನ್ನು ನಾನು ಆಮೇಲೆ ಅವಳ ಮೊಬೈಲಿನಲ್ಲಿ ನೋಡಿದ್ದು.

ಅಲ್ಲಿಂದ ಸೇತುವೆಗೆ ಹತ್ತು ನಿಮಿಷದ ದಾರಿ. ನನಗೆ ಮುಕ್ಕಾಲು ಗಂಟೆ ಹಿಡಿಯಿತು. ಆ ಊರಿನ ಗಲ್ಲಿಗಳು ಚಕ್ಕುಲಿ ಸುತ್ತಿದ ಹಾಗೆ, ಶುರುವಾದಲ್ಲಿಗೇ ಬಂದು ನಿಲ್ಲುತ್ತವೆ. ಜೊತೆಗೆ ನೆಲಕ್ಕೆಲ್ಲ ಗುಂಡುಕಲ್ಲು. ಅಂಥ ಕಲ್ಲಿಗೆ ಅವರ ಭಾಷೆಯಲ್ಲಿ 'ಬೆಕ್ಕಿನ ತಲೆ' ಅಂತ ಹೆಸರು. ಸಾವಿರಾರು ಬೆಕ್ಕುಗಳ ತಲೆ ಮೇಲೆ ನಡೆದರೆ ಮಂಡಿ ಏನಾಗಬೇಕು? ಮೂರನೇ ಸಲ ದಾರಿ ತಪ್ಪಿ ಬೆಂಚಿಗೆ ವಾಪಸ್ ಬಂದಾಗ ನನ್ನಾಕೆಯ ಸ್ವೆಟರಿನ ಮೇಲೆ ಏನೋ ಮಿಣಮಿಣ ಅನ್ನುತ್ತಿತ್ತು. ಕೇಳಿದೆ. ಹಿಂದೆ ಗಾಜಿನ ಸಾಮಾನಿನ ಅಂಗಡಿ ಇತ್ತು. "ಇದು ಗಾಜಿಗೆ ಹೆಸರಾದ ಸೀಮೆ ಅಲ್ವಾ, ಗಾಜಿನ ಪುಡಿ ಹಾರಿರಬೇಕು," ಅಂದಳು. ಕೈಗೆ ಚುಚ್ಚೀತು ಅಂತ ಕರ್ಚೀಫಿನಿಂದ ಮೆಲ್ಲಗೆ ಒರೆಸಿದೆ.

"ಸೇತುವೆ ಕಥೆ ಹೇಳಿ," ಅಂದರು ಡಾಕ್ಟರಮ್ಮ.

ಅದು ಚಾರ್ಲ್ಸ್ ಸೇತುವೆ. ಅರ್ಧ ಕಿಲೋಮೀಟರ್ ಉದ್ದ, ಎರಡೂ ಕಡೆ ಸೇರಿ 30 ವಿಗ್ರಹಗಳ ಗುಂಪು. ನಾಲ್ಕನೇ ಚಾರ್ಲ್ಸ್ ದೊರೆ ಜೋಯಿಸರನ್ನು ಕೇಳಿ ಮುಹೂರ್ತ ಇಡಿಸಿದನಂತೆ. 1357, ಒಂಬತ್ತನೇ ತಾರೀಕು, ಏಳನೇ ತಿಂಗಳು, ಬೆಳಗ್ಗೆ 5 ಗಂಟೆ 31 ನಿಮಿಷ.

ಮೇಷ್ಟ್ರು ಕೋಡುಬಳೆ ಕೆಳಗಿಟ್ಟು ಪೇಪರ್ ಅಂಚಿನಲ್ಲಿ ಬರೆದುಕೊಂಡರು. 1, 3, 5, 7, 9, 7, 5, 3, 1. "ಆಹಾ! ಹಿಂದಿನಿಂದ ಓದಿದರೂ ಅದೇ!" ಆಮೇಲೆ ಐದು ನಿಮಿಷ ಅವರು ನಮ್ಮ ಜೊತೆ ಇರಲಿಲ್ಲ.

ಗಾರೆ ಗಟ್ಟಿಯಾಗಲಿ ಅಂತ ಮೊಟ್ಟೆ ಕಲಸಿದರು ಅಂತ ಇನ್ನೊಂದು ಕಥೆ. ಸುತ್ತಲಿನ ಊರುಗಳೆಲ್ಲ ಗಾಡಿಗಟ್ಟಲೆ ಮೊಟ್ಟೆ ಕಳಿಸಬೇಕು ಅಂತ ಅಪ್ಪಣೆ ಆಯಿತಂತೆ. ವೆಲ್ವರಿ ಅನ್ನೋ ಊರಿನವರು ದಾರಿಯಲ್ಲಿ ಒಡೆದಾವು ಅಂತ ಎಲ್ಲವನ್ನೂ ಬೇಯಿಸಿ ಕಳಿಸಿದರಂತೆ!

"ಬೇಯಿಸಿದ ಮೊಟ್ಟೆ ಇಟ್ಟುಕೊಂಡು ಮೇಸ್ತ್ರಿ ಏನು ಮಾಡಿದ?" ವಕೀಲರು ಕೇಳಿದರು.

"ಉಪ್ಪು ಕೇಳಿರ್ತಾನೆ," ಅಂದರು ಡಾಕ್ಟರಮ್ಮ.

ಈ ಕಥೆಯನ್ನು ನಾನು ಅಲ್ಲೇ ಸೇತುವೆ ಬಾಯಲ್ಲಿ ನಿಂತು ಹೇಳಿದ್ದು. ಅದೇ ತಪ್ಪಾಯಿತು. ನನ್ನಾಕೆ ಎತ್ತಿದ ಕಾಲು ಅಲ್ಲೇ ನಿಲ್ಲಿಸಿದಳು. "ಇವತ್ತು ಏಕಾದಶಿ ರೀ. ಮೊಟ್ಟೆ ಸೇತುವೆ ಹೇಗೆ ದಾಟಲಿ?" ನಮ್ಮ ಹಳೇ ಕೋಟೆ ಗೋಡೆಗೂ ಬೆಲ್ಲ, ಮೊಟ್ಟೆ ಹಾಕಿ ಗಾರೆ ಅರೆಯುತ್ತಿದ್ದರು, ಆರ್ನೂರು ವರ್ಷಕ್ಕೆ ಮೊಟ್ಟೆ ಕಲ್ಲಾಗಿರುತ್ತೆ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಶೂ ಹಾಕಿದ್ದೀನಿ, ಕಾಲಿಗೆ ತಾಗಲ್ಲ ಅಂತ ತಾನೇ ತೀರ್ಪು ಕೊಟ್ಟುಕೊಂಡು ದಾಟಿದಳು.

ಸೇತುವೆಯ ನಡುವೆ ನೆಪೊಮುಕ್‌ನ ಜಾನ್ ಅನ್ನೋ ಪಾದ್ರಿಯ ವಿಗ್ರಹ. ರಾಣಿ ಹೇಳಿಕೊಂಡ ಗುಟ್ಟನ್ನು ರಾಜನಿಗೆ ಬಿಟ್ಟುಕೊಡಲಿಲ್ಲ ಅಂತ 1393ರಲ್ಲಿ ಅವನನ್ನು ನದಿಗೆ ಎಸೆಸಿದರು ಅನ್ನೋದು ಜನ ಹೇಳುವ ಕಥೆ. ಕೆಳಗಿನ ಕಂಚಿನ ಚಿತ್ರ ಮುಟ್ಟಿದರೆ ಒಳ್ಳೇದಂತೆ. ಮುಟ್ಟಿ ಮುಟ್ಟಿ ಅದು ನಮ್ಮ ದೇವರ ದೀಪದ ಹಾಗೆ ಹೊಳೆಯುತ್ತದೆ. ನನ್ನಾಕೆ ಅಲ್ಲಿ ಯಾಕೋ ತುಂಬಾ ಹೊತ್ತು ಕೈಯಿಟ್ಟು ನಿಂತಿದ್ದಳು.

ಆಮೇಲೆ ಅರಮನೆ ಗುಡ್ಡ. ಟ್ರ್ಯಾಮ್ ಹತ್ತಿ ಅಂತ ಮಗಳು ಹೇಳಿದ್ದಳು. ನಡೆದೇ ನೋಡಬೇಕು ಅಂತ ನನ್ನ ಹಟ. ನೆರೂದೊವಾ ಬೀದಿ ಏರಿದೆವು. ಅಲ್ಲಿ ಹಳೇ ಮನೆಗಳಿಗೆ ಆ ಕಾಲದಲ್ಲಿ ನಂಬರಿನ ಬದಲು ಗುರುತು ಇತ್ತು. ಮೂರು ಪಿಟೀಲಿನ ಮನೆ, ಎರಡು ಸೂರ್ಯನ ಮನೆ. ಮೂರು ಪಿಟೀಲಿನ ಮನೆ ಹತ್ತಿರ ನನಗೆ ಏದುಸಿರು. ಎರಡು ಸೂರ್ಯನ ಮನೆ ಹತ್ತಿರ ಕಣ್ಣಿಗೂ ಎರಡೇ ಸೂರ್ಯ. ಮೇಲೆ ಹೋಗಿ ನೋಡಿದರೆ 22ನೇ ನಂಬರ್ ಟ್ರ್ಯಾಮಿನಲ್ಲಿ ಬಂದ ಜನ ತಲೆ ಬಾಚಿಕೊಂಡ ಹಾಗೇ ನಡೆದು ಬರುತ್ತಿದ್ದರು. ನನ್ನಾಕೆ ಒಂದು ಮಾತೂ ಆಡಲಿಲ್ಲ. ಡಬ್ಬಿ ತೆಗೆದು ಅವಲಕ್ಕಿ ಕೊಟ್ಟಳು. ಅದು ಬೈಗುಳಕ್ಕಿಂತ ಜಾಸ್ತಿ.

ಒಳಗಿನ ಸಂತ ವಿಟಸ್ ಚರ್ಚು 1344ರಲ್ಲಿ ಶುರುವಾಗಿ 1929ರಲ್ಲಿ ಮುಗಿದದ್ದು.

"585 ವರ್ಷ," ಅಂತ ಮೇಷ್ಟ್ರು ವಾಪಸ್ ಬಂದರು.

"ಬೇಗ ಮುಗಿಸಿದ್ದಾರೆ," ಅಂದರು ವಕೀಲರು. "ನನ್ನ ಹತ್ತಿರ ಒಂದು ಬೇಲಿ ತಕರಾರಿದೆ." ಆಮೇಲೆ ಗಂಟಲು ಸರಿಮಾಡಿಕೊಂಡರು. "ಅದಿರಲಿ ಅತ್ತಿಗೆ, ಇವರು ದಾರಿ ಹುಡುಕುವಾಗ ನೀವು ಬೆಂಚಿನ ಮೇಲೆ ಕೂತು ಏನು ಮಾಡ್ತಿದ್ರಿ?"

ನನ್ನಾಕೆ ಖಾಲಿ ಲೋಟಗಳನ್ನು ಒಂದರೊಳಗೊಂದು ಇಟ್ಟಳು. "ಪಕ್ಕದಲ್ಲಿ ಒಬ್ಬಳು ಸರಳಿಗೆ ಹಿಟ್ಟು ಸುತ್ತಿ, ಕೆಂಡದ ಮೇಲೆ ತಿರುಗಿಸಿ, ಸಕ್ಕರೆಯಲ್ಲಿ ಹೊರಳಿಸಿ ಕೊಡ್ತಿದ್ದಳು. ಟ್ರ್ಡೆಲ್ನಿಕ್ ಅಂತೆ. ಘಮಘಮ ಅಂತಿತ್ತು."

ನನಗೆ ಗಾಜಿನ ಪುಡಿ ನೆನಪಾಯಿತು. "ಅದರ ಹಿಟ್ಟಿಗೆ ಮೊಟ್ಟೆ ಹಾಕ್ತಾರೆ ಕಣೇ! ಸೇತುವೆ ಮುಂದೆ ಅಷ್ಟು ಮಾತಾಡಿದೆಯಲ್ಲ?"

"ಸೇತುವೆಗೆ ಸಕ್ಕರೆ ಹಾಕಿರಲಿಲ್ಲವಲ್ಲ."

ಡಾಕ್ಟರಮ್ಮ ಕನ್ನಡಕ ಸರಿ ಮಾಡಿಕೊಂಡರು. ಇವಳ ಶುಗರ್ ರಿಪೋರ್ಟು ನೋಡುವವರು ಅವರೇ. "ಎಷ್ಟು ತಿಂದ್ರಿ?"

"ಇವರು ಎಷ್ಟು ಸಲ ದಾರಿ ತಪ್ಪಿದರೋ ಅಷ್ಟು," ಅಂತ ಲೋಟ ಎತ್ತಿಕೊಂಡು ಒಳಗೆ ಹೋದಳು.