ಝಡ್‌ಎನ್ ಸ್ಲೈಡ್‌ನಲ್ಲಿ ಎಲ್ಲೆಲ್ಲೂ ಕೆಂಪು, ಏನು ಮಾಡಲಿ ಮೇಡಂ?

ಪ್ರಶ್ನೆ (ಲ್ಯಾಬ್ ಟೆಕ್ನಿಷಿಯನ್, ಮೂಡಿಗೆರೆ ಕಡೆ): ನಮಸ್ತೆ ಮೇಡಂ. ಡಿಎಂಎಲ್‌ಟಿ (ಲ್ಯಾಬ್ ಡಿಪ್ಲೊಮಾ) ಮುಗಿಸಿ ಕೆಲಸಕ್ಕೆ ಸೇರಿ ಎರಡು ತಿಂಗಳಾಯಿತು. ಟಿಬಿ ಇದೆಯಾ ನೋಡಲು ಕಫದ ಸ್ಲೈಡ್‌ಗೆ ಝಡ್‌ಎನ್ (ಝೀಲ್-ನೀಲ್ಸನ್ ಬಣ್ಣ) ಮಾಡಿದರೆ ಹಿನ್ನೆಲೆ ನೀಲಿ ಬರಬೇಕು ಅಲ್ವಾ? ನನಗೆ ಬರುವುದು ಕೆಂಪು ಮಚ್ಚೆ, ಮಧ್ಯೆ ಹರಳಿನಂಥ ಚೂರು. ಎಎಫ್‌ಬಿ (ಆಸಿಡ್‌ಗೂ ಕೆಂಪು ಬಿಡದ ಬ್ಯಾಕ್ಟೀರಿಯಾ) ಯಾವುದು, ಬರೀ ಬಣ್ಣ ಯಾವುದು ಗೊತ್ತಾಗುತ್ತಿಲ್ಲ. ಆಸಿಡ್ ಇನ್ನೂ ಜಾಸ್ತಿ ಹೊತ್ತು ಬಿಡಲಾ?

ಉತ್ತರ (ಮೈಕ್ರೋಬಯಾಲಜಿ ಡಾಕ್ಟರ್, ಹಾಸನ): ಆಸಿಡ್ ತಂಟೆಗೆ ಆಮೇಲೆ ಹೋಗೋಣ. ನೋಡಮ್ಮ, ಮೊದಲು ಸ್ಮಿಯರ್, ಅಂದರೆ ಸ್ಲೈಡ್ ಮೇಲೆ ಸವರಿದ ಕಫ, ದಪ್ಪ ಆಗಿದೆಯಾ ನೋಡು. ಒಣಗಿದ ಸ್ಲೈಡನ್ನು ಬಣ್ಣ ಹಾಕುವ ಮುಂಚೆ ದಿನಪತ್ರಿಕೆಯ ಮೇಲೆ ನಾಲ್ಕೈದು ಸೆಂಟಿಮೀಟರ್ ಎತ್ತರದಲ್ಲಿ ಹಿಡಿ. ಅಕ್ಷರ ಓದುವಷ್ಟು ಕಾಣಬೇಕು. ಕಾಣದಿದ್ದರೆ ಆ ಸ್ಮಿಯರ್‌ನಲ್ಲಿ ಕೆಂಪು ಬಿಡುವುದೇ ಇಲ್ಲ. ನಿಮ್ಮ ಕಡೆ ಮಳೆಗಾಲದಲ್ಲಿ ಬಟ್ಟೆಯೇ ಒಣಗಲ್ಲ, ಸ್ಲೈಡ್ ಎಲ್ಲಿ ಒಣಗುತ್ತದೆ! ಆದರೂ ಅವಸರಕ್ಕೆ ಹಸಿ ಸ್ಮಿಯರನ್ನು ದೀಪಕ್ಕೆ ಹಿಡಿಯಬೇಡ. ಕಫ ಸಿಡಿದರೆ ರೋಗಾಣು ಗಾಳಿಗೆ ಸೇರುತ್ತದೆ.

ಹರಳು ಬರುವುದು ಕೆಂಪು ಬಣ್ಣ, ಅಂದರೆ ಕಾರ್ಬಲ್ ಫುಕ್ಸಿನ್, ಸ್ಲೈಡ್ ಮೇಲೆ ಒಣಗಿದಾಗ, ಇಲ್ಲವೇ ಕುದಿದಾಗ. ಆವಿ ಎದ್ದರೆ ಸಾಕು, ದೀಪ ತೆಗೆ, 5 ನಿಮಿಷ ಬಿಡು. ಒಣಗುವಂತಿದ್ದರೆ ಇನ್ನೆರಡು ಹನಿ ಹಾಕು. ಬಣ್ಣವನ್ನು ಸೋಸಿಯೇ ಬಳಸು. ನಾನೂ ಕಲಿಯುವಾಗ ಕುದಿಸಿ ಬೈಸಿಕೊಂಡಿದ್ದೇನೆ.

ಬಿಸಿ ಯಾಕೆ ಬೇಕು ಗೊತ್ತಾ? ಕೆಸುವಿನ ಎಲೆ ಮೇಲೆ ನೀರು ನಿಲ್ಲದೆ ಜಾರುತ್ತದಲ್ಲ, ಈ ಬ್ಯಾಕ್ಟೀರಿಯಾದ ಗೋಡೆಯಲ್ಲೂ ಅಂಥದ್ದೇ ಮೇಣದ ಪದಾರ್ಥವಿದೆ, ಮೈಕಾಲಿಕ್ ಆಸಿಡ್. ಬಿಸಿಯೂ ಆ ಬಣ್ಣದಲ್ಲಿರುವ ಫೀನಾಲೂ ಸೇರಿ ಬಣ್ಣವನ್ನು ಒಳಗೆ ನುಗ್ಗಿಸುತ್ತವೆ. ಒಮ್ಮೆ ಒಳಹೊಕ್ಕ ಬಣ್ಣ 25% ಸಲ್ಫ್ಯೂರಿಕ್ ಆಸಿಡ್‌ಗೂ ಹೊರಬರಲ್ಲ. ಉಳಿದದ್ದೆಲ್ಲ ತೊಳೆದುಹೋಗಿ, ಕೊನೆಗೆ ಹಾಕುವ ನೀಲಿ ಬಣ್ಣ ಮೆಥಿಲೀನ್ ಬ್ಲೂ ಹಿಡಿಯುತ್ತದೆ. ಆಸಿಡ್ 2ರಿಂದ 4 ನಿಮಿಷ. ತೊಳೆದ ಮೇಲೂ ಕೆಂಪು ಎದ್ದು ಕಂಡರೆ ಇನ್ನೊಮ್ಮೆ ಹಾಕು. ದಿನಾ ಗೊತ್ತಿರುವ ಒಂದು ಪಾಸಿಟಿವ್, ಒಂದು ನೆಗೆಟಿವ್ ಸ್ಲೈಡ್ ಜೊತೆಗೇ ಮಾಡು. ತಪ್ಪು ಬಣ್ಣದ್ದಾ, ಕೈಯದ್ದಾ ಅಲ್ಲೇ ತಿಳಿಯುತ್ತದೆ.

ಪ್ರಶ್ನೆ (ವಿದ್ಯಾರ್ಥಿ, ಅರಸೀಕೆರೆ): ಕುಷ್ಠಕ್ಕೂ ಇದೇ ಆಸಿಡ್ಡಾ ಮೇಡಂ?

ಉತ್ತರ: ಅಲ್ಲ, 5%. ಅದು ಟಿಬಿಯಷ್ಟು ಗಟ್ಟಿ ಅಲ್ಲ.

ಪ್ರಶ್ನೆ (ಚಿಕ್ಕಮಗಳೂರು): ಅಪ್ಪನ ರಿಪೋರ್ಟಲ್ಲಿ 'ಸ್ಕ್ಯಾಂಟಿ 4' ಅಂತಿದೆ. ಕಮ್ಮಿ ತಾನೇ, ಸುಮ್ನೆ ಬಿಟ್ಟರೆ ಆಗುತ್ತಾ?

ಉತ್ತರ: ಖಂಡಿತ ಬೇಡಿ. 100 ಫೀಲ್ಡ್ (ಮೈಕ್ರೋಸ್ಕೋಪಲ್ಲಿ ಒಮ್ಮೆಗೆ ಕಾಣುವಷ್ಟು ಜಾಗ ಒಂದು ಫೀಲ್ಡ್) ನೋಡಿದಾಗ 4 ಬ್ಯಾಕ್ಟೀರಿಯಾ ಸಿಕ್ಕಿವೆ ಅಂತ ಅರ್ಥ. 1ರಿಂದ 9ರವರೆಗೆ ಸ್ಕ್ಯಾಂಟಿ, ಅದೂ ಪಾಸಿಟಿವ್ವೇ. ಒಂದು ಮಿಲಿ ಕಫದಲ್ಲಿ ಸುಮಾರು 5,000ದಿಂದ 10,000 ಇದ್ದರೆ ಮಾತ್ರ ಸ್ಲೈಡಲ್ಲಿ ಕಣ್ಣಿಗೆ ಬೀಳುವುದು, ಹಾಗಾಗಿ ನಾಲ್ಕು ಅಂದರೆ ಚಿಕ್ಕದಲ್ಲ. ಟಿಬಿಯದ್ದೇನಾ, ಔಷಧಿಗೆ ಬಗ್ಗುತ್ತದಾ ಅನ್ನುವುದನ್ನು ಬಣ್ಣ ಹೇಳಲ್ಲ. ಅದಕ್ಕೆ ಟ್ರೂನಾಟ್ ಅಥವಾ ಸಿಬಿನಾಟ್ ಅನ್ನುವ, ರೋಗಾಣುವಿನ ಜೀನ್ ನೋಡುವ ಪರೀಕ್ಷೆ ಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿ, ನಾಳೆಯೇ ಹೋಗಿ.

ಮೂಡಿಗೆರೆಯಿಂದ ಮತ್ತೆ: ಪೇಪರ್ ಮೇಲೆ ಹಿಡಿದು ನೋಡಿದೆ ಮೇಡಂ. ಹೆಡ್ಡಿಂಗ್ ಕೂಡ ಕಾಣಲಿಲ್ಲ!